ಮೀಸೆ ಬಾರದ ಸಿಪಾಯಿ

‘ಬಾಲಸೈನಿಕ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಆಫ್ರಿಕೆಯ ಯಾವುದೋ ಅಡವಿ. ತನ್ನ ಎದೆಯೆತ್ತರದ ಬಂದೂಕನ್ನು ಹೆಗಲಿಗೇರಿಸಿ ನಿಂತ ಹುಡುಗನೊಬ್ಬ. ಛಾಯಾಚಿತ್ರದೊಳಗಿಂದ ನಮ್ಮನ್ನೇ ದಿಟ್ಟಿಸುವ ಅವನ ಎರಡು ಕಣ್ಣುಗಳು. ‘ಅಯ್ಯೋ ಪಾಪ’ ಎಂದುಕೊಂಡು ನಾವು ಪುಟ ತಿರುವುತ್ತೇವೆ. ದೂರದ ದುಃಖಕ್ಕೆ ಒಂದು ಅನುಕೂಲವಿದೆ; ಅದು ನಮ್ಮಿಂದ ಏನನ್ನೂ ಬೇಡುವುದಿಲ್ಲ. ನನಗಾದರೋ ಆ ಮಾತು ಕೇಳಿದಾಗಲೆಲ್ಲ ನೆನಪಿಗೆ ಬರುವವರು ನಮ್ಮ ಮನೆಯವರೇ ಆದ ಒಬ್ಬರು. ಅವರು ನನ್ನ ತಂದೆಯ ಅಣ್ಣ. ದೊಡ್ಡಪ್ಪ ಎನ್ನಬೇಕಾದುದು ನ್ಯಾಯ. ಆದರೆ ಬೆಳಗಾವಿಯ ಕಡೆಯ ರೂಢಿಯಂತೆ ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು.

ಬೆಳಗಾವಿಯನ್ನು ಬಲ್ಲವರಿಗೆ ಉದ್ಯಮಬಾಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದ ಓದುಗರಿಗಾಗಿ ಎರಡು ಮಾತು: ಟಿಳಕವಾಡಿಯನ್ನು ದಾಟಿ ಖಾನಾಪುರದ ರಸ್ತೆ ಹಿಡಿದರೆ ಬರುವ ಕಾರಖಾನೆಗಳ ಬಡಾವಣೆ ಅದು. ಎರಕದ ಕಾರಖಾನೆ, ಲೇಥ್ ಅಂಗಡಿ, ದೊಡ್ಡ ಯಂತ್ರಗಳಿಗೆ ಬೇಕಾಗುವ ಚಿಕ್ಕ ಬಿಡಿಭಾಗಗಳನ್ನು ಮಾಡಿಕೊಡುವ ತಗಡಿನ ಶೆಡ್ಡುಗಳು. ಗಾಳಿಯಲ್ಲಿ ಸದಾ ಸುಟ್ಟ ಮರಳಿನ ವಾಸನೆ. ಊರಿನ ಇನ್ನೊಂದು ಪಕ್ಕಕ್ಕೆ ದಂಡಿನ ಪ್ರದೇಶ, ಅಂದರೆ ಕ್ಯಾಂಪು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಅಲ್ಲಿದೆ. ‘ನಮ್ಮ ಬೆಳಗಾಂವ್ಯಾಗ ಎರಡ ಸಾಮಾನ ತಯಾರಾಗತಾವ ನೋಡು, ಒಂದು ಬೀಡು, ಇನ್ನೊಂದು ಸಿಪಾಯಿ. ನಾ ಎರಡೂ ಭಟ್ಟಿ ಹಾದು ಬಂದಾಂವ’ ಎಂದು ಕಾಕಾ ನಗುತ್ತಿದ್ದರು. ಅವರು ನಗುತ್ತಿದ್ದುದು ಅಪರೂಪವಾದ್ದರಿಂದ ಈ ಮಾತು ನನಗೆ ಚೆನ್ನಾಗಿ ನೆನಪಿದೆ.

ಅವರು ಹುಟ್ಟಿದ್ದು 1927ರಲ್ಲಿ, ಖಾನಾಪುರ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ, ನಂದಗಡದಿಂದ ಕೆಲವು ಮೈಲು ಆಚೆ. ಆ ಕಡೆಯ ನಮ್ಮಂಥ ಮನೆಗಳಲ್ಲಿ ಕನ್ನಡವೂ ಮರಾಠಿಯೂ ಒಂದೇ ಒಲೆಯ ಮೇಲೆ ಬೇಯುತ್ತವೆ. ಯಾವುದು ಯಾರ ಭಾಷೆ ಎಂಬ ಜಗಳ ಹಳ್ಳಿಗೆ ತಡವಾಗಿ ಬಂದಿತು. ಮಳೆ ಬಹಳ, ಗದ್ದೆ ಕಡಿಮೆ, ಉಣ್ಣುವ ಬಾಯಿ ಎಂಟು. 1942ರಲ್ಲಿ ಒಂದು ಸಂತೆಯ ದಿನ ಸೈನ್ಯದ ಭರ್ತಿಯವರು ಬಂದು ಬ್ಯಾಂಡು ಬಾರಿಸಿದರಂತೆ. ತಿಂಗಳ ಪಗಾರ, ಎರಡು ಹೊತ್ತು ಊಟ, ಕಾಲಿಗೆ ಬೂಟು. ಮೆಣಸಿನಕಾಯಿ ತರಲು ಹೋದ ಹುಡುಗ ಮೆಣಸಿನಕಾಯಿಯ ಚೀಲವನ್ನು ಊರವನೊಬ್ಬನ ಕೈಗೆ ಕೊಟ್ಟು ಲಾರಿ ಹತ್ತಿದ. ಆ ದಿನದ ಕತೆಯನ್ನು ಕಾಕಾ ಹೇಳುತ್ತಿದ್ದುದು ಹೀಗೆ:

‘ಬಾಯಿ ತೆರಿ ಅಂದಾ ಡಾಕ್ಟರಾ. ಸಂತ್ಯಾಗ ಎತ್ತಿನ ಹಲ್ಲ ನೋಡಿದಂಗ ನೋಡಿದಾ. ಎದಿ ಅಳದಾ. ಹದಿನೆಂಟ ಅಂತ ಬರಕೊಂಡಾ. ನಾ ಹದಿನೈದ್ರೀ ಅಂದೆ. ಬಾಜೂಕ ನಿಂತ ಹವಾಲ್ದಾರ, ಸರಕಾರದ ಕಾಗದದಾಗ ಸರಕಾರದ ವಯಸ್ಸು ಇರತೈತಿ, ನೀ ಸುಮ್ಮನಿರು ಅಂದಾ. ತಲಿಗಿಷ್ಟು ಅಂತ ಅವಗ ಇನಾಮ ಇತ್ತು.’

ಹೀಗೆ ಒಂದು ಲೇಖನಿಯ ಗೀಟಿನಿಂದ ಮೂರು ವರ್ಷ ಬೆಳೆದವರು ಅವರೊಬ್ಬರೇ ಆಗಿರಲಿಕ್ಕಿಲ್ಲ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೈನ್ಯ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ಬಲವಂತವಿಲ್ಲದೆ ಸೇರಿದವರ ಅಷ್ಟು ದೊಡ್ಡ ದಂಡನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ ಎಂದು ಇತಿಹಾಸಕಾರರು ಬರೆಯುತ್ತಾರೆ. ಹಳ್ಳಿಯಲ್ಲಿ ಜನನದ ದಾಖಲೆ ಇಲ್ಲದ ಕಾಲ. ಹುಡುಗನ ವಯಸ್ಸು ಎಷ್ಟೆಂದರೆ, ದೊಡ್ಡ ಮಳೆಯ ವರ್ಷ ಹುಟ್ಟಿದವನು ಎನ್ನುತ್ತಿದ್ದರು. ದೊಡ್ಡ ಮಳೆ ಖಾನಾಪುರದಲ್ಲಿ ಪ್ರತಿ ವರ್ಷವೂ ಬರುತ್ತದೆ! ಇನ್ನು ‘ಬಲವಂತವಿಲ್ಲದೆ’ ಎಂಬ ಮಾತಿನ ಬಗ್ಗೆ ನನಗೊಂದು ಸಂಶಯವಿದೆ. ಹದಿನೈದು ವರ್ಷದವನ ಇಚ್ಛೆಯಲ್ಲಿ ಅವನದೆಷ್ಟು, ಹಸಿವಿನದೆಷ್ಟು ಎಂದು ಬೇರ್ಪಡಿಸುವ ತಕ್ಕಡಿ ಯಾರಲ್ಲಿದೆ?

ಬೆಳಗಾವಿಯಲ್ಲಿ ಕವಾಯತು ಕಲಿತು, ಮುಂಬಯಿಯಲ್ಲಿ ಹಡಗೇರಿ, ಇರಾಕಿನ ಮರಳುಗಾಡನ್ನು ಕಂಡು, 1944ರಲ್ಲಿ ಕಾಕಾ ಇಟಲಿಯ ಬೆಟ್ಟಗಳಲ್ಲಿದ್ದರು. ಆ ರಣಭೂಮಿಯಲ್ಲಿ ಮರಾಠಾ ದಳ ಗಳಿಸಿದ ಕೀರ್ತಿ ಸಣ್ಣದಲ್ಲ. ಯಶವಂತ ಘಾಡ್ಗೆಯವರಿಗೆ 1944ರ ಜುಲೈಯ ಹೋರಾಟಕ್ಕಾಗಿ, ನಾಮದೇವ ಜಾಧವರಿಗೆ 1945ರ ಏಪ್ರಿಲಿನಲ್ಲಿ ಸೆನಿಯೊ ನದಿಯ ದಂಡೆಯ ಮೇಲೆ ತೋರಿದ ಸಾಹಸಕ್ಕಾಗಿ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಘಾಡ್ಗೆಯವರಿಗೆ ಅದನ್ನು ಧರಿಸುವ ಭಾಗ್ಯವಿರಲಿಲ್ಲ. ಇಪ್ಪತ್ತೆರಡರ ಪ್ರಾಯದಲ್ಲಿ ಆ ಹೋರಾಟದಲ್ಲಿಯೇ ಮಡಿದರು. ಈ ಹೆಸರುಗಳನ್ನು ಕಾಕಾ ಕೈಮುಗಿದು ಹೇಳುತ್ತಿದ್ದರು. ತಮ್ಮ ವಿಷಯಕ್ಕೆ ಬಂದರೆ ಮಾತ್ರ ಒಂದೇ ಒಂದು ಪ್ರಸಂಗ. ಜರ್ಮನರು ಗಾಥಿಕ್ ಲೈನ್ ಎಂದು ಕರೆಯುತ್ತಿದ್ದ ರಕ್ಷಣಾರೇಖೆಯ ಹತ್ತಿರ, ಮಳೆಯಲ್ಲಿ, ಸೆರೆಸಿಕ್ಕ ನಾಲ್ವರು ಜರ್ಮನರನ್ನು ರಾತ್ರಿಯಿಡೀ ಕಾಯುವ ಕೆಲಸ ಅವರ ಪಾಲಿಗೆ ಬಂದಿತ್ತು. ನಾಲ್ವರಲ್ಲಿ ಒಬ್ಬ ಬೆಳಗಿನ ಜಾವದ ತನಕ ಬಿಕ್ಕುತ್ತಲೇ ಇದ್ದ. ಬೆಳಕು ಹರಿದಾಗ ಕಾಕಾ ಅವನ ಮುಖ ನೋಡಿದರು. ‘ಅವಗೂ ಮೀಸಿ ಬಂದಿದ್ದಿಲ್ಲ, ನನಗೂ ಬಂದಿದ್ದಿಲ್ಲ’ ಎನ್ನುತ್ತಿದ್ದರು. ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಮುಂದೇನಾಯಿತು ಎಂದು ನಾವು ಕೇಳಿದರೆ ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು.

1946ರ ಬೇಸಿಗೆಯಲ್ಲಿ ಅವರು ಊರಿಗೆ ಮರಳಿದರು. ಸರಕಾರದ ಲೆಕ್ಕದಲ್ಲಿ ಇಪ್ಪತ್ತೆರಡು, ತಾಯಿಯ ಲೆಕ್ಕದಲ್ಲಿ ಹತ್ತೊಂಬತ್ತು. ನಮ್ಮ ಆಯಿ ಮಗನನ್ನು ನೇರವಾಗಿ ಒಳಗೆ ಬಿಡಲಿಲ್ಲವಂತೆ. ಹೊಸ್ತಿಲ ಹೊರಗೆ ನಿಲ್ಲಿಸಿ, ರೊಟ್ಟಿಯ ತುಣುಕನ್ನೂ ತಂಬಿಗೆಯ ನೀರನ್ನೂ ತಲೆಯ ಸುತ್ತ ನಿವಾಳಿಸಿ, ತುಣುಕನ್ನು ದೂರ ಎಸೆದು, ಕಾಲಿಗೆ ನೀರು ಸುರಿದು, ಆಮೇಲೆ ‘ಒಳಗ ಬಾ’ ಎಂದಳು. ದೂರದ ಊರಿಂದ ಬಂದವರಿಗೆಲ್ಲ ನಮ್ಮ ಕಡೆ ಇದನ್ನು ಮಾಡುತ್ತಾರೆ, ವಿಶೇಷವೇನಲ್ಲ. ಬಹಳ ವರ್ಷಗಳ ನಂತರ ಉಗಾಂಡಾ ದೇಶದ ಉತ್ತರಭಾಗದ ಅಚೋಲಿ ಜನರ ಬಗ್ಗೆ ಓದುವಾಗ ನನಗೆ ಈ ಹೊಸ್ತಿಲು ನೆನಪಾಯಿತು. ಅಲ್ಲಿ ಜೋಸೆಫ್ ಕೋನಿ ಎಂಬವನ ಬಂಡುಕೋರ ದಂಡು 1980ರ ದಶಕದ ಕೊನೆಯಿಂದ ಸಾವಿರಾರು ಮಕ್ಕಳನ್ನು ಹೊತ್ತೊಯ್ದು ಬಂದೂಕು ಹಿಡಿಸಿತು. ತಪ್ಪಿಸಿಕೊಂಡು ಮರಳಿದ ಮಗುವಿಗೆ ಅಚೋಲಿಗಳು ಮನೆಯಂಗಳದಲ್ಲಿ ಒಂದು ಹಸಿ ಕೋಳಿಮೊಟ್ಟೆಯನ್ನಿಟ್ಟು ಅದನ್ನು ತುಳಿದು ಒಳಗೆ ಬರಲು ಹೇಳುತ್ತಾರೆ. ಕಣಜದ ಬಾಗಿಲು ತೆರೆಯುವ ಕೋಲನ್ನೂ ಪಕ್ಕದಲ್ಲಿಟ್ಟಿರುತ್ತಾರೆ. ಈ ಮನೆಯ ಅನ್ನದಲ್ಲಿ ನಿನಗೆ ಮತ್ತೆ ಪಾಲುಂಟು ಎಂದು ಅರ್ಥವಂತೆ. ಖಾನಾಪುರದ ಆಯಿಗೂ ಉಗಾಂಡದ ಮುದುಕಿಗೂ ಯಾರೂ ಪಾಠ ಹೇಳಿರಲಿಲ್ಲ.

ಆದರೆ ಒಂದು ರೊಟ್ಟಿಯ ತುಣುಕಿನಿಂದ ನಾಲ್ಕು ವರ್ಷ ಇಳಿದುಹೋಗುತ್ತವೆಯೇ? ಕಾಕಾ ಮನೆಯೊಳಗೆ ಮಲಗುತ್ತಿರಲಿಲ್ಲ. ದನದ ಕೊಟ್ಟಿಗೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕುಳಿತೇ ನಿದ್ದೆ ಮಾಡುತ್ತಿದ್ದರು. ದೀಪಾವಳಿ ಬಂದರೆ ಮೂರು ದಿನ ಅಡವಿಗೆ ಹೋಗಿಬಿಡುತ್ತಿದ್ದರು. ಓರಗೆಯ ಹುಡುಗರು ಗರಡಿಯಲ್ಲಿ ಕುಸ್ತಿ ಆಡುತ್ತಿದ್ದರೆ ಇವರು ಹೊರಗೆ ಕಟ್ಟೆಯ ಮೇಲೆ ಕುಳಿತು ನೋಡುವರು, ಒಳಗೆ ಕಾಲಿಡರು. ‘ಕುಸ್ತ್ಯಾಗ ಬಿದ್ದಾಂವ ನಕ್ಕೋತ ಏಳತಾನ. ಅದನ್ನ ನೋಡಿದ್ರ ನನಗ ಸಿಟ್ಟ ನೆತ್ತಿಗೇರತಿತ್ತು’ ಎಂದು ಅವರೇ ನನಗೊಮ್ಮೆ ಹೇಳಿದರು. ಒಂದು ದಿನ ನೀರು ತರಲು ತಡಮಾಡಿದನೆಂದು ನನ್ನ ತಂದೆಯನ್ನು, ಆಗ ಹದಿನಾಲ್ಕರ ಹುಡುಗನನ್ನು, ಕಿವಿಯಿಂದ ರಕ್ತ ಬರುವಂತೆ ಹೊಡೆದರು. ಹೊಡೆದ ಮೇಲೆ ಅಟೆನ್ಷನ್ನಿನಲ್ಲಿ ನೆಟ್ಟಗೆ ನಿಂತುಬಿಟ್ಟರಂತೆ, ತಮಗೇ ಯಾರೋ ಶಿಕ್ಷೆ ವಿಧಿಸಲಿ ಎಂಬಂತೆ. ತಂದೆಯ ಆ ಕಿವಿ ಕಡೆಯತನಕ ಸ್ವಲ್ಪ ಮಂದವಾಗಿಯೇ ಉಳಿಯಿತು.

ಇಷ್ಟಾದರೂ ಅವರನ್ನು ಮನುಷ್ಯರ ಸಾಲಿಗೆ ತಂದವರಲ್ಲಿ ಮೊದಲಿಗ ನನ್ನ ತಂದೆಯೇ. ಸೈನ್ಯದಲ್ಲಿ ಆಗ ಇಂಗ್ಲಿಷ್ ಅಕ್ಷರಗಳಲ್ಲಿ ಉರ್ದು ಬರೆಯಲು ಕಲಿಸುತ್ತಿದ್ದರು. ಹೀಗಾಗಿ ಕಾಕಾನಿಗೆ ‘ಹುಕುಂ’ ಎಂದು ರೋಮನ್ ಲಿಪಿಯಲ್ಲಿ ಬರೆಯಲು ಬರುತ್ತಿತ್ತು, ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಲು ಬರುತ್ತಿರಲಿಲ್ಲ. ಬಾಲ್ಯದಲ್ಲಿ ಕಲಿತ ಎರಡು ಇಯತ್ತೆಯ ಅಕ್ಷರಗಳು ಅಳಿಸಿಹೋಗಿದ್ದವು. ಹೊಡೆತ ತಿಂದ ತಮ್ಮನೇ ಪಾಟಿ ಬಳಪ ಹಿಡಿದು ಕೊಟ್ಟಿಗೆಯಲ್ಲಿ ಅಣ್ಣನಿಗೆ ಅ ಆ ಇ ಈ ತಿದ್ದಿಸಿದ. ಸಂಜೆ ಕಂದೀಲಿನ ಬೆಳಕಿನಲ್ಲಿ ಒಂದು ಮಳೆಗಾಲ ಪೂರ್ತಿ. ಎರಡನೆಯವನು ಖಾನಾಪುರದ ಒಬ್ಬ ಹಂಚಿನ ಭಟ್ಟಿಯ ಮುದುಕ. ಅವನು ಕೆಲಸ ಕೊಟ್ಟ, ಯುದ್ಧದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಇದನ್ನು ಕಾಕಾ ದೊಡ್ಡ ಉಪಕಾರವೆಂದು ಎಣಿಸುತ್ತಿದ್ದರು. ಊರವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಷ್ಟು ಮಂದಿಯನ್ನು ಕೊಂದಿ?

ಹಂಚಿನ ಭಟ್ಟಿಯಿಂದ ಮುಂದೆ ಉದ್ಯಮಬಾಗದ ಎರಕದ ಕಾರಖಾನೆಗೆ ಬಂದು ಅವರು ಮೋಲ್ಡರ್ ಆದರು. ನಾನೂ ಆ ಬಡಾವಣೆಯಲ್ಲಿಯೇ ಮರದ ಪ್ಯಾಟರ್ನ್ ಮಾಡುವ ಕೆಲಸದಲ್ಲಿ ಆಯುಷ್ಯ ಕಳೆದವನಾದ್ದರಿಂದ ಅವರ ಕೈಕೆಲಸದ ಬಗ್ಗೆ ಎರಡು ಮಾತು ಹೆಚ್ಚಾಗಿ ಬರೆದರೆ ಓದುಗರು ಸಹಿಸಬೇಕು. ಎರಕದಲ್ಲಿ ಬೆಂಕಿಯ ಆಟ ನೋಡಿ ಜನ ಬೆರಗಾಗುತ್ತಾರೆ. ನಿಜವಾದ ಕೆಲಸ ಇರುವುದು ಮರಳಿನಲ್ಲಿ. ಮರಳಿಗೆ ಅಂಟುಮಣ್ಣು, ನೀರು ಬೆರೆಸಿ, ಮುಷ್ಟಿಯಲ್ಲಿ ಹಿಡಿದು ಹಿಸುಕಬೇಕು. ಆ ಉಂಡೆಯನ್ನು ಮುರಿದರೆ ಎರಡೇ ತುಂಡಾಗಬೇಕು, ಬೆರಳಿನ ಗುರುತು ಅದರ ಮೇಲೆ ಉಳಿಯಬೇಕು. ನೀರು ಕಡಿಮೆಯಾದರೆ ಅಚ್ಚು ಉದುರುತ್ತದೆ. ಹೆಚ್ಚಾದರೆ ಕಾದ ಕಬ್ಬಿಣ ತಾಗಿದೊಡನೆ ಹಬೆಯೆದ್ದು ಸಿಡಿಯುತ್ತದೆ. ಆಮೇಲೆ ಪೆಟ್ಟಿಗೆಯಲ್ಲಿ ಮರಳನ್ನು ತುಂಬಿ ಹದವಾಗಿ ಬಡಿದು, ತೆಳ್ಳನೆಯ ಕಂಬಿಯಿಂದ ಅಲ್ಲಲ್ಲಿ ಚುಚ್ಚಿ, ಒಳಗಿನ ಹಬೆ ಹೊರಹೋಗಲು ದಾರಿ ಮಾಡಬೇಕು. ಕಾಕಾ ಈ ಚುಚ್ಚುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಕ್ಯುಪೋಲಾದಿಂದ ಕರಗಿದ ಕಬ್ಬಿಣ ಇಳಿಯುವ ದಿನ ಅವರ ಮುಖದಲ್ಲಿ ಒಂದು ಶಾಂತಿ ಇರುತ್ತಿತ್ತು. ಪಟಾಕಿಗೆ ಬೆಚ್ಚುವ ಮನುಷ್ಯ ಬೆಂಕಿಯ ಧಾರೆಯ ಮುಂದೆ ನಿಶ್ಚಿಂತೆಯಿಂದ ನಿಲ್ಲುತ್ತಿದ್ದುದು ಹೇಗೆಂದು ನಾನೊಮ್ಮೆ ಕೇಳಿದೆ. ‘ಇದು ಯಾವಾಗ ಸಿಡಿತೈತಿ ಅನ್ನೂದು ನನ್ನ ಕೈಯಾಗೈತಿ’ ಎಂದರು.

ಅವರನ್ನು ಯಾರೂ ‘ಬಾಲಸೈನಿಕ’ ಎಂದು ಕರೆಯಲಿಲ್ಲ. ಆ ಪದವೇ ಆಗ ಇರಲಿಲ್ಲ. ಇದ್ದರೂ ನಮ್ಮ ಜನ ಅದನ್ನು ಹೊಗಳಿಕೆಯೆಂದೇ ತಿಳಿಯುತ್ತಿದ್ದರು. ಬಾಲವೀರರ ಮೇಲೆ ನಮಗೆ ಬಲು ಮೋಹ. ಹದಿನಾರರ ಅಭಿಮನ್ಯು ಚಕ್ರವ್ಯೂಹ ಹೊಕ್ಕ ಪ್ರಸಂಗವನ್ನು ಬೆಳತನಕ ಕುಳಿತು ನೋಡುತ್ತೇವೆ. ಅವನನ್ನು ಒಳಗೆ ಕಳಿಸಿದ ಹಿರಿಯರ ಕೈಯಲ್ಲಿ ಹೊರಗೆ ತರುವ ಉಪಾಯ ಇರಲಿಲ್ಲವಲ್ಲ ಎಂದು ಕೇಳುವವರು ಕಡಿಮೆ. 1942ರಲ್ಲಿ ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಬಾಲಕ ನಾರಾಯಣ ಡೋಣಿಯ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಹೇಳಲೇಬೇಕು. ಆ ಹುಡುಗನ ಕೈಯಲ್ಲಿ ಯಾರೂ ಬಂದೂಕು ಕೊಟ್ಟಿರಲಿಲ್ಲ ಎಂಬುದನ್ನೂ ಜೊತೆಗೆ ಹೇಳಬೇಕು. ನಮ್ಮ ನಂದಗಡದಲ್ಲಿಯೇ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ರಾಯಣ್ಣ ಹುಡುಗನಲ್ಲ, ತಿಳಿದು ಮಾಡಿದ ಗಂಡಸು. ಅವನ ಸಮಾಧಿಗೆ ಕೈಮುಗಿಯಲು ನಮ್ಮನ್ನು ಕರೆದೊಯ್ಯುತ್ತಿದ್ದ ಕಾಕಾ ಈ ಭೇದವನ್ನು ಎತ್ತಿ ಹೇಳದೆ ಬಿಡುತ್ತಿರಲಿಲ್ಲ.

ಇನ್ನು ಜಗತ್ತಿನ ವಿಷಯ. ಸಮರಗಳಲ್ಲಿ ಮಕ್ಕಳ ಪಾಡೇನೆಂಬುದನ್ನು ಮೊಜಾಂಬಿಕ್ ದೇಶದ ಗ್ರಾಸಾ ಮಶೆಲ್ ಎಂಬ ಮಹಿಳೆ 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟರು. ಅದರ ಫಲವಾಗಿ ದೇಶಗಳು ಎಚ್ಚತ್ತವು ಎನ್ನಬಹುದು. ಹದಿನೆಂಟು ತುಂಬದವರನ್ನು ಕದನಕ್ಕಿಳಿಸಬಾರದು, ಬಲವಂತದಿಂದ ಸೈನ್ಯಕ್ಕೆ ಸೇರಿಸಬಾರದು, ಬಂಡುಕೋರ ಗುಂಪುಗಳಂತೂ ಯಾವ ನೆವದಿಂದಲೂ ಸೇರಿಸಿಕೊಳ್ಳಕೂಡದು ಎಂಬ ಒಪ್ಪಂದ 2000ದ ಮೇ ತಿಂಗಳಲ್ಲಿ ಅಂಗೀಕಾರವಾಗಿ 2002ರ ಫೆಬ್ರವರಿ 12ರಿಂದ ಜಾರಿಗೆ ಬಂದಿತು. ಭಾರತ ಅದನ್ನು 2005ರಲ್ಲಿ ಸ್ಥಿರಪಡಿಸಿತು. ಆಗ ನಮ್ಮ ಸರಕಾರ ಹೇಳಿಕೊಂಡದ್ದು, ಭರ್ತಿಗೆ ಕನಿಷ್ಠ ವಯಸ್ಸು ಹದಿನಾರು, ಆದರೆ ತರಬೇತಿಯ ನಂತರ ರಣಭೂಮಿಗೆ ಕಳಿಸುವುದು ಹದಿನೆಂಟು ತುಂಬಿದ ಮೇಲೆಯೇ ಎಂದು. 2022ರಲ್ಲಿ ಆರಂಭವಾದ ಅಗ್ನಿವೀರರ ಭರ್ತಿಯಲ್ಲಿ ಕನಿಷ್ಠ ವಯಸ್ಸು ಹದಿನೇಳೂವರೆ. ಉಳಿದ ಆರು ತಿಂಗಳನ್ನೂ ಕಾದರೆ ಯಾವ ದೇಶ ಮುಳುಗೀತು ಎಂದು ನನ್ನಂಥವನ ಅನಿಸಿಕೆ. ದೊಡ್ಡವರ ಲೆಕ್ಕ ಬೇರೆ ಇರಬಹುದು.

ಮಕ್ಕಳನ್ನೇ ಏಕೆ ಹಿಡಿಯುತ್ತಾರೆ? ಕಾರಣ ಬಹಳ ಅಗ್ಗದ್ದು. ಮಗು ಕಡಿಮೆ ತಿನ್ನುತ್ತದೆ, ಪಗಾರ ಕೇಳುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ, ಸಾವೆಂದರೇನೆಂದು ಅದಕ್ಕೆ ಪೂರ್ತಿಯಾಗಿ ತಿಳಿದಿರುವುದಿಲ್ಲ. ಈಗಿನ ಬಂದೂಕಿನ ತೂಕ ಸುಮಾರು ನಾಲ್ಕು ಕಿಲೋ, ಶಾಲೆಯ ಪಾಟಿಚೀಲದಷ್ಟು. ಎಲ್ಲರೂ ಬಂದೂಕನ್ನೇ ಹೊರುವುದಿಲ್ಲ ಎಂಬುದನ್ನೂ ಮರೆಯಬಾರದು. ಅಡುಗೆ ಮಾಡುವವರು, ಸುದ್ದಿ ಒಯ್ಯುವವರು, ಹಾದಿ ಕಾಯುವವರು, ದಂಡಿನ ಗಂಡಸರ ಕೈಗೆ ಸಿಕ್ಕ ಹೆಣ್ಣುಮಕ್ಕಳು, ಇವರೆಲ್ಲ ಅದೇ ಲೆಕ್ಕದವರು. ಈ ಹೆಣ್ಣುಮಕ್ಕಳು ಮರಳಿ ಬಂದಾಗ ರೊಟ್ಟಿ ನಿವಾಳಿಸುವ ಕೈಗಳೂ ಹಿಂಜರಿಯುತ್ತವೆ.

ನಮ್ಮ ದೇಶ ಇದರಿಂದ ಹೊರತೆಂದು ಹೇಳುವಂತಿಲ್ಲ. ಛತ್ತೀಸಗಢದ ಕಾಡುಗಳಲ್ಲಿ ಮಾವೋವಾದಿಗಳು ‘ಬಾಲ ಸಂಘಂ’ ಎಂಬ ಹೆಸರಿನಲ್ಲಿ ಆದಿವಾಸಿ ಮಕ್ಕಳನ್ನು ಸೇರಿಸಿಕೊಂಡರು. ಅವರ ವಿರುದ್ಧ ಹಳ್ಳಿಯ ಹುಡುಗರ ಕೈಗೇ ಬಂದೂಕು ಕೊಟ್ಟು ವಿಶೇಷ ಪೊಲೀಸರನ್ನಾಗಿ ಮಾಡಿದ ಸರಕಾರದ ಏರ್ಪಾಟನ್ನು 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಬೇಕಾಯಿತು. ಉಗ್ರರ ಗುಂಪು ಮಗುವನ್ನು ಯಾವುದೇ ಕೆಲಸಕ್ಕೆ ಬಳಸಿದರೆ ಏಳು ವರ್ಷಗಳವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ ಎಂದು 2015ರ ಬಾಲನ್ಯಾಯ ಕಾಯಿದೆಯಲ್ಲಿ ಬರೆದಿದೆ. ಅದೇ ಕಾಯಿದೆಯಂತೆ, ಹೀಗೆ ಸಿಕ್ಕಿಬಿದ್ದ ಮಗು ಆರೈಕೆ ಮತ್ತು ರಕ್ಷಣೆಗೆ ಪಾತ್ರವಾದುದು. ಈ ಎರಡನೆಯ ಮಾತೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಏಕೆಂದರೆ ಹಿಡಿದು ತರುವುದು ಸುಲಭ, ಮನೆಗೆ ಸೇರಿಸುವುದು ಕಠಿಣ. ನೇಪಾಳವನ್ನೇ ನೋಡಿ. ಅಲ್ಲಿಯ ಅಂತರ್ಯುದ್ಧ ನಿಂತ ಮೇಲೆ ಮಾವೋವಾದಿ ಸೈನ್ಯದಲ್ಲಿ ವಿಶ್ವಸಂಸ್ಥೆಯವರು ತಪಾಸಣೆ ಮಾಡಿದಾಗ 2,973 ಮಂದಿ ವಯಸ್ಸು ತುಂಬದೆ ಸೇರಿದವರೆಂದು ಗೊತ್ತಾಯಿತು. 2010ರ ಆರಂಭದಲ್ಲಿ ಅವರನ್ನು ಶಿಬಿರಗಳಿಂದ ಬಿಡುಗಡೆ ಮಾಡಿ, ಶಾಲೆ ಬೇಕೆಂದವರಿಗೆ ಶಾಲೆ, ಕಸುಬು ಬೇಕೆಂದವರಿಗೆ ಕಸುಬಿನ ತರಬೇತಿ, ಸಣ್ಣ ಅಂಗಡಿ ಇಡುವವರಿಗೆ ಸಹಾಯ ಎಂದು ವ್ಯವಸ್ಥೆ ಮಾಡಿದರು. ವ್ಯವಸ್ಥೆಯೇನೋ ಒಳ್ಳೆಯದೇ. ಆದರೆ ಸೈನಿಕರ ಪಟ್ಟಿಗೆ ಸೇರಲು ಅರ್ಹರಲ್ಲ ಎಂಬ ಅರ್ಥದಲ್ಲಿ ಆ ಹುಡುಗ ಹುಡುಗಿಯರಿಗೆ ಅಂಟಿದ ಹೆಸರು ಯಾವುದು ಗೊತ್ತೇ? ‘ಅಯೋಗ್ಯ’! ಕನ್ನಡದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಹನ್ನೆರಡನೆಯ ವಯಸ್ಸಿಗೆ ಎಳೆದುಕೊಂಡು ಹೋಗಿ, ಬಾಲ್ಯವನ್ನು ಕಿತ್ತುಕೊಂಡು, ಕೊನೆಗೆ ಅಯೋಗ್ಯನೆಂಬ ಬಿರುದು ಕೊಟ್ಟು ಊರಿಗಟ್ಟಿದರೆ ಆ ಜೀವ ಏನೆಂದುಕೊಳ್ಳಬೇಕು? ಮುಂದೆ ಅವರು ಬೀದಿಗಿಳಿದು ಕೇಳಿದ ಬೇಡಿಕೆಗಳಲ್ಲಿ ಆ ಮಾತನ್ನು ತೆಗೆಯಿರಿ ಎಂಬುದೂ ಒಂದಾಗಿತ್ತು. ಶ್ರೀಲಂಕೆಯಲ್ಲಿ 2009ರಲ್ಲಿ ಕದನ ಮುಗಿದಾಗ ತಮಿಳು ಹುಲಿಗಳ ಪಡೆಯಿಂದ 594 ಮಕ್ಕಳು ಸರಕಾರದ ವಶಕ್ಕೆ ಬಂದರು. ಅವರನ್ನು ಸೆರೆಮನೆಗೆ ತಳ್ಳದೆ ಪುನರ್ವಸತಿಗೆ ಕಳಿಸಿದರು. ಅವರಲ್ಲಿ ಹಲವರು ಕೊಲಂಬೊ ಬಳಿಯ ರತ್ಮಲಾನದ ಹಿಂದೂ ಕಾಲೇಜಿನಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಆ ಸಮರದ ಉಳಿದ ಅಧ್ಯಾಯಗಳನ್ನು ನಾನು ಹೊಗಳಲಾರೆ. ಈ ಒಂದು ಪುಟ ಮಾತ್ರ ಓದುವಂತಿದೆ.

ಇಲ್ಲಿಯೂ ಒಂದು ಮುಳ್ಳಿನ ಪ್ರಶ್ನೆ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕೋನಿಯ ದಂಡು ಶಾಲೆಗೆ ಹೋಗುತ್ತಿದ್ದ ಡೊಮಿನಿಕ್ ಒಂಗ್ವೆನ್ ಎಂಬ ಹುಡುಗನನ್ನು ಹಾದಿಯಲ್ಲಿ ಹಿಡಿದೊಯ್ದಿತು. ಅವನು ಅಲ್ಲಿಯೇ ಬೆಳೆದು, ದಳಪತಿಯಾಗಿ, ತನಗಾದದ್ದನ್ನೇ ಬೇರೆ ಮಕ್ಕಳಿಗೆ ಮಾಡಿದ. 2021ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನಿಗೆ 25 ವರ್ಷಗಳ ಶಿಕ್ಷೆ ವಿಧಿಸಿತು. ಅವನ ಕೆಟ್ಟ ಬಾಲ್ಯವನ್ನು ಗಣನೆಗೆ ತಂದುಕೊಂಡೇ ವಿಧಿಸಿತು. ತೀರ್ಪು ನ್ಯಾಯವೇ. ಆದರೂ ಅದನ್ನು ಓದಿದ ದಿನ ನನಗೆ ನನ್ನ ತಂದೆಯ ಮಂದ ಕಿವಿ ನೆನಪಾಯಿತು. ಪಾಟಿ ಬಳಪ ಹಿಡಿದ ತಮ್ಮನೊಬ್ಬ, ಪ್ರಶ್ನೆ ಕೇಳದ ಮುದುಕನೊಬ್ಬ ಸಿಕ್ಕದೆ ಹೋಗಿದ್ದರೆ ಎಂಬ ಯೋಚನೆಯನ್ನು ನಾನು ಮುಂದುವರಿಸಲಿಲ್ಲ.

ಕಾಕಾನ ಆ ಮೂರು ವರ್ಷಗಳ ಲೆಕ್ಕ ಕೊನೆಗೆ ಎಲ್ಲಿ ಮುಟ್ಟಿತೆಂಬುದನ್ನು ಹೇಳಬೇಕು. ಸೇವೆಯ ಅವಧಿ ಸಾಲದೆ ಅವರಿಗೆ ಸೈನ್ಯದ ಪಿಂಚಣಿ ಇರಲಿಲ್ಲ. ಕಾರಖಾನೆಗೆ ಸೇರುವಾಗ ವಯಸ್ಸಿನ ಆಧಾರಕ್ಕೆಂದು ತೋರಿಸಲು ಅವರ ಬಳಿ ಇದ್ದುದು ಸೈನ್ಯದಿಂದ ಬಿಡುಗಡೆಯಾದ ಪುಸ್ತಕವೊಂದೇ. ಅದರ ಪ್ರಕಾರ ಅವರು ಹುಟ್ಟಿದ್ದು 1924. ಹೀಗಾಗಿ 1982ರಲ್ಲಿ ಅವರಿಗೆ ಐವತ್ತೆಂಟು ತುಂಬಿತೆಂದು ನಿವೃತ್ತಿಯ ಕಾಗದ ಬಂದಿತು. ನಿಜವಾಗಿ ಐವತ್ತೈದು. ನನ್ನ ತಂದೆ ಹಳ್ಳಿಯ ಶಾಲೆಯ ದಾಖಲೆ ಪುಸ್ತಕದ ನಕಲು ತಂದು ಕಚೇರಿಯಲ್ಲಿ ತೋರಿಸಿದರು. ಕಾರಕೂನ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಸೇರುವಾಗ ಕೊಟ್ಟದ್ದೇ ಖರೆ ಎಂದ. ಕಾಕಾ ವಾದಿಸಲಿಲ್ಲ. ‘ಇಸಕೊಂಡದ್ದನ್ನ ಸರಕಾರ ತಿರಿಗಿ ಇಸಕೊಂತು’ ಎಂದು ಸೈಕಲ್ಲು ಹತ್ತಿದರು. ಮೂರು ವರ್ಷಗಳ ಪಗಾರ ಆ ಮನೆಗೆ ಸಣ್ಣ ಮಾತಾಗಿರಲಿಲ್ಲ. ಆಗ ಇನ್ನೂ ಒಬ್ಬ ಮಗಳ ಮದುವೆ ಉಳಿದಿತ್ತು.

1999ರಲ್ಲಿ ಕಾರ್ಗಿಲ್ ಯುದ್ಧದ ದಿನಗಳು. ಉದ್ಯಮಬಾಗದ ನಮ್ಮ ಓಣಿಯಲ್ಲಿ ಹುಡುಗರೆಲ್ಲ ಕಾಕಾನನ್ನು ಸುತ್ತುವರಿದು ಯುದ್ಧದ ಕತೆ ಹೇಳೆಂದು ಪೀಡಿಸುತ್ತಿದ್ದರು. ಅವರಲ್ಲಿ ಹದಿನೈದರ ಒಬ್ಬನಿಗೆ ಉಳಿದವರಿಗಿಂತ ಬಿಸಿ ಹೆಚ್ಚು. ಯಾರಿಂದಲೋ ಹುಟ್ಟಿದ ತಾರೀಖಿನ ಕಾಗದವನ್ನು ತಿದ್ದಿಸಿಕೊಂಡು ಕ್ಯಾಂಪಿನ ಭರ್ತಿಗೆ ಹೊರಟು ನಿಂತಿದ್ದ. ತಂದೆಯಿಲ್ಲದ ಹುಡುಗ, ತಾಯಿ ಅಳುತ್ತ ಕಾಕಾನ ಹತ್ತಿರ ಬಂದಳು. ಎಪ್ಪತ್ತೆರಡರ ಮುದುಕ ಅವನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡರು. ಯುದ್ಧ ಕೆಟ್ಟದ್ದೆಂದೂ ಹೇಳಲಿಲ್ಲ, ಸೈನ್ಯ ಕೆಟ್ಟದ್ದೆಂದೂ ಹೇಳಲಿಲ್ಲ. ಅವರು ಎಂದೂ ಹಾಗೆ ಹೇಳಿದವರಲ್ಲ, ಆಗಸ್ಟ್ ಹದಿನೈದಕ್ಕೆ ಎದೆಯ ಮೇಲೆ ಪದಕ ಧರಿಸುತ್ತಿದ್ದವರು. ‘ತಮ್ಮಾ, ಮೂರ ವರ್ಷ ಸುಳ್ಳ ಹೇಳಿ ಹೋದಾಂವ ಮೂರ ವರ್ಷ ಖರೇ ಕಳಕೊಂತಾನ. ಹದಿನೆಂಟಾಗಲಿ. ನಾ ಜೀವಂತ ಇದ್ರ ನಾನ ನಿನ್ನ ಗೇಟಿನ ತನಕಾ ಕರಕೊಂಡ ಹೋಗತೇನಿ’ ಎಂದರು. ತಿದ್ದಿದ ಕಾಗದವನ್ನು ಇಸಿದುಕೊಂಡು ಮಡಿಚಿ ತಮ್ಮ ಟೋಪಿಯೊಳಗಿಟ್ಟರು.

ಕೊಟ್ಟ ಮಾತಿನಂತೆ 2002ರಲ್ಲಿ ಅವರು ಅವನನ್ನು ಕರೆದುಕೊಂಡು ಹೋದರು. ಹುಡುಗ ಭರ್ತಿಯಾದ. ಮರುವರ್ಷ ಕಾಕಾ ತೀರಿಕೊಂಡರು. ಅವನು ಹದಿನೇಳು ವರ್ಷ ಸೇವೆ ಮಾಡಿ, ಹವಾಲ್ದಾರನಾಗಿ, ಪಿಂಚಣಿಯೊಡನೆ 2019ರಲ್ಲಿ ಮನೆಗೆ ಬಂದ. ಈಗ ಉದ್ಯಮಬಾಗದಲ್ಲಿಯೇ ಎರಡು ಲೇಥ್ ಇಟ್ಟುಕೊಂಡು ಸಣ್ಣ ವರ್ಕ್‌ಶಾಪು ನಡೆಸುತ್ತಿದ್ದಾನೆ.

ಕಾರಖಾನೆಯ ಗೇಟಿನಲ್ಲಿಯೂ ವಯಸ್ಸಿನ ಆಟ ಇದ್ದೇ ಇದೆ. ಮಕ್ಕಳನ್ನು ಬಲವಂತದಿಂದ ಯುದ್ಧಕ್ಕೆ ಸೇರಿಸುವುದನ್ನು 1999ರ ಕಾರ್ಮಿಕ ಒಪ್ಪಂದವೊಂದು ಬಾಲದುಡಿಮೆಯ ಅತಿ ಕೆಟ್ಟ ರೂಪಗಳ ಪಟ್ಟಿಯಲ್ಲಿಯೇ ಇಟ್ಟಿದೆ, ಅಪಾಯದ ಕೆಲಸಗಳೊಂದಿಗೆ. ಭಾರತ ಅದನ್ನು ಒಪ್ಪಿಕೊಂಡದ್ದು 2017ರಲ್ಲಿ. 2016ರಲ್ಲಿ ತಿದ್ದಿದ ನಮ್ಮ ಕಾಯಿದೆಯೂ ಹದಿನೆಂಟು ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ಕಳೆದ ಜೂನಿನಲ್ಲಿ ಖಾನಾಪುರದ ಕಡೆಯಿಂದ ಒಬ್ಬ ಹುಡುಗ ಹವಾಲ್ದಾರನ ಬಾಗಿಲಿಗೆ ಕೆಲಸ ಕೇಳಿಕೊಂಡು ಬಂದ. ಹದಿನೆಂಟು ಎಂದ. ಹವಾಲ್ದಾರ ಅವನ ಮೇಲ್ದುಟಿಯನ್ನು ನೋಡಿ, ಶಾಲೆಯ ದಾಖಲೆ ತಾ ಎಂದು ಬಸ್ಸಿನ ದುಡ್ಡು ಕೊಟ್ಟು ಕಳಿಸಿದ. ಹುಡುಗ ಬಸ್ಸು ಹತ್ತಲಿಲ್ಲ. ರಸ್ತೆ ದಾಟಿ ಎದುರಿನ ಎರಕದ ಕಾರಖಾನೆಯ ಗೇಟಿಗೆ ಹೋಗಿ ನಿಂತ. ಹವಾಲ್ದಾರ ಕೈಯ ಗ್ರೀಸು ಒರೆಸಿಕೊಳ್ಳುತ್ತ ತಾನೂ ದಾಟಿ ಹೋಗಿ ಅವನನ್ನು ಕರೆತಂದು ಚಹಾ ಕುಡಿಸಿ ವಿಚಾರಿಸಿದ. ವಯಸ್ಸು ಹದಿನಾರು, ತಂದೆ ಹಾಸಿಗೆ ಹಿಡಿದಿದ್ದಾನೆ, ಹತ್ತನೆಯ ಇಯತ್ತೆ ಪಾಸಾಗಿದೆ, ಮನೆಗೆ ತಿಂಗಳಿಗೆ ದುಡ್ಡು ಬೇಕು. ಹುಡುಗನಿಗೆ ಬುದ್ಧಿ ಹೇಳಿದರೆ ಮನೆಯ ಒಲೆ ಉರಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮರುದಿನವೇ ಆ ಹಳ್ಳಿಗೆ ಹೋಗಿ ಬಂದ. ಈಗ ಹುಡುಗ ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿದ್ದಾನೆ. ಅವನ ತಾಯಿ ದಿನವೂ ಬೆಳಿಗ್ಗೆ ರೊಟ್ಟಿ ಪಲ್ಯದ ಆರು ಡಬ್ಬಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಾಳೆ. ವರ್ಕ್‌ಶಾಪಿನ ಆರು ಮಂದಿಯ ಊಟ ಅದು. ಅದರ ದುಡ್ಡನ್ನು ಹವಾಲ್ದಾರ ಒಂದನೆಯ ತಾರೀಖಿಗೆ ತಪ್ಪದೆ ಕೊಡುತ್ತಾನೆ. ಚಟ್ನಿ ಸ್ವಲ್ಪ ಖಾರ ಹೆಚ್ಚು ಎಂದು ಅವನ ಒಂದು ತಕರಾರು.